ಒಂದು ಗಾಯದ ಬೆನ್ನಿಗೆ ಬಂದ ಕಾಯಿಲೆಗಳು: ಡಿಸೆಬಿಲಿಟಿ ಪೆನ್ಷನ್ ಬಗ್ಗೆ ಪುಣೆಯ ಕನ್ನಡಿಗ ಫೌಜಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಿಘಿ, ಧಾನೋರಿ, ವಿಶ್ರಾಂತವಾಡಿ, ಖಡಕಿ, ಲೋಹಗಾಂವ್ ಕಡೆ ಮನೆ ಮಾಡಿಕೊಂಡಿರುವ ನಮ್ಮ ಮಾಜಿ ಸೈನಿಕರು ಬಹಳ ಮಂದಿ. ಒಬ್ಬರು ಗೋಕಾಕದವರು, ಒಬ್ಬರು ಗದಗಿನವರು, ಇನ್ನೊಬ್ಬರು ಮಡಿಕೇರಿ ಕಡೆಯವರು, ಮತ್ತೊಬ್ಬರು ಜತ್ತ, ಅಕ್ಕಲಕೋಟೆಯ ಗಡಿನಾಡಿನವರು. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಇಪ್ಪತ್ನಾಲ್ಕು ವರ್ಷ ದುಡಿದವನು. ಸೈನಿಕರ ಕಾಯಿಲೆ, ಅಂಗವೈಕಲ್ಯ ತಪಾಸಿಸಿ ನಿರ್ಧರಿಸುವ ಮಿಲಿಟರಿ ಡಾಕ್ಟರುಗಳ ಮಂಡಳಿಯ, ಅಂದರೆ ಮೆಡಿಕಲ್ ಬೋರ್ಡಿನ ಕಾಗದಗಳನ್ನು ಹೊತ್ತು ವಾರ್ಡಿನಿಂದ ವಾರ್ಡಿಗೆ ಓಡಾಡಿದ್ದೇನೆ. ಈಗ ಭಾನುವಾರ ಬೆಳಿಗ್ಗೆ ಯಾರಾದರೂ ಒಬ್ಬರು ಫೈಲ್ ಹಿಡಿದು ಮನೆಗೆ ಬರುತ್ತಾರೆ. ಸೇವೆಯ ನಂಟಿರುವ ಅಂಗವೈಕಲ್ಯಕ್ಕೆ ಸಿಗುವ ಡಿಸೆಬಿಲಿಟಿ ಪೆನ್ಷನ್ ಬಗ್ಗೆ ಅವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ಖಚಿತವಾಗಿ ಗೊತ್ತಿರುವುದನ್ನು ಕೆಳಗೆ ಬರೆದಿದ್ದೇನೆ.

"ಕಾಲಿಗೆ ಪೆನ್ಷನ್ ಬರ್ತದ್ರಿ. ಈಗ ಸೊಂಟ, ಇನ್ನೊಂದು ಮೊಣಕಾಲು, ಬಿಪಿ ಎಲ್ಲಾ ಶುರು ಆಗ್ಯಾವ. ಇವಕ್ಕೂ ಸಿಗ್ತದೇನ್ರಿ?"

ಸಿಗಬಹುದು. ಆದರೆ ಎರಡನೆಯ ಕಾಯಿಲೆ ಮೊದಲನೆಯದರಿಂದಲೇ ಹುಟ್ಟಿತು, ಅಥವಾ ಸೇವೆಯಲ್ಲಿದ್ದಾಗಲೇ ಅದರ ಬೀಜ ಬಿದ್ದಿತ್ತು ಎಂಬುದನ್ನು ಕಾಗದದಲ್ಲಿ ತೋರಿಸಬೇಕು. ವಯಸ್ಸಾದ ಮೇಲೆ ಬಂತು, ಸೈನ್ಯದಲ್ಲೂ ಇದ್ದೆ ಎನ್ನುವಷ್ಟು ಸಾಲದು.

ಈ ನಂಟು ಹೇಗಿರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಇದನ್ನೇ ಗಮನಿಸಿರುವುದಿಲ್ಲ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಕೃತಕ ಕಾಲು ಹಾಕಿಕೊಂಡು ನಡೆಯುವಾಗ ಮೈಯ ಭಾರ ಹೆಚ್ಚಾಗಿ ಗಟ್ಟಿ ಇರುವ ಕಾಲಿನ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಮೊಣಕಾಲು ಸವೆಯುತ್ತದೆ. ನಡಿಗೆ ಓರೆಯಾಗಿ ಸೊಂಟ ಹಿಡಿಯುತ್ತದೆ. ಮೊಂಡುಗಾಲಿನ ತುದಿಯಲ್ಲಿ ಚರ್ಮ ಒಡೆದು ಹುಣ್ಣಾಗುತ್ತದೆ, ನರದ ಗಂಟು ಬೆಳೆದು ಮುಟ್ಟಿದರೆ ಜೀವ ಹೋದಂತಾಗುತ್ತದೆ. ಓಡಾಟ ಕಡಿಮೆಯಾಗಿ ತೂಕ ಏರುತ್ತದೆ, ಅದರ ಹಿಂದೆ ಸಕ್ಕರೆ, ಬಿಪಿ. ನೋವಿಗೆಂದು ದಿನಾ ನುಂಗುವ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ. ಎಲ್ಲವೂ ಒಂದು ಸ್ಫೋಟದಿಂದ, ಒಂದು ಬೀಳಾಟದಿಂದ ಶುರುವಾದದ್ದು.

ಬೆನ್ನುಹುರಿ ಪೆಟ್ಟಾದವರಿಗೆ ಮತ್ತೆ ಮತ್ತೆ ಮೂತ್ರದ ಸೋಂಕು, ಕೊನೆಗೆ ಮೂತ್ರಪಿಂಡದ ತೊಂದರೆ, ಮಲಗಿ ಮಲಗಿ ಬೆನ್ನಿನ ಹುಣ್ಣು. ತಲೆಗೆ ಪೆಟ್ಟು ಬಿದ್ದವರಿಗೆ ಎಷ್ಟೋ ತಿಂಗಳಾದ ಮೇಲೆ ಫಿಟ್ಸ್. ಹಿಮಗಡಿತವಾದವರ ಬೆರಳ ಗಂಟುಗಳಲ್ಲಿ ಮುಂದೆ ಸಂಧಿವಾತ. ತೋಪಿನ ಸದ್ದಿಗೆ ಕಿವಿ ಮಂದವಾದವರಿಗೆ ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದು, ನಿದ್ದೆ ಇಲ್ಲ, ಜನರ ಜೊತೆ ಮಾತು ಕಡಿಮೆ, ಕೊನೆಗೆ ಖಿನ್ನತೆ. ಸೇವೆಯಲ್ಲಿ ಸಕ್ಕರೆ ಕಾಯಿಲೆ ಒಪ್ಪಿತವಾಗಿದ್ದರೆ ಮುಂದೆ ಕಣ್ಣು, ಪಾದದ ನರ, ಮೂತ್ರಪಿಂಡ ಕೆಡುವುದು ಅದೇ ಕಾಯಿಲೆಯ ಮುಂದಿನ ಹೆಜ್ಜೆ.

"ನಿಯಮದಾಗ ಇದಕ್ಕ ದಾರಿ ಎಲ್ಲೈತಿ?"

ಮೂರು ಕಡೆ ಇದೆ. ಸೇವೆಯಿಂದ ಬಿಡುಗಡೆಯಾಗುವ ಮುಂಚೆ ಆಗುವ ರಿಲೀಸ್ ಮೆಡಿಕಲ್ ಬೋರ್ಡ್ ಮೊದಲನೆಯದು. ಅಲ್ಲಿ ನಿಮ್ಮ ಎಲ್ಲ ಕಾಯಿಲೆಗಳನ್ನೂ ಒಂದೊಂದಾಗಿ ಬರೆದು, ಪ್ರತಿಯೊಂದಕ್ಕೂ ಸೇವೆಯ ಸಂಬಂಧ ಇದೆಯೋ ಇಲ್ಲವೋ, ಎಷ್ಟು ಶೇಕಡಾ ಎಂದು ನಮೂದಿಸುತ್ತಾರೆ. ಕಾಯಿಲೆಯಿಂದಾಗಿ ಅವಧಿಗೆ ಮುಂಚೆಯೇ ಮನೆಗೆ ಕಳುಹಿಸುವಾಗ ಕೂರುವುದು ಇನ್‌ವ್ಯಾಲಿಡಿಂಗ್ ಬೋರ್ಡ್.

ಎರಡನೆಯದು ಮರುಪರಿಶೀಲನೆ. ಒಪ್ಪಿತವಾದ ಅಂಗವೈಕಲ್ಯ ಈಗ ಹೆಚ್ಚಾಗಿದೆ, ಅದರಿಂದ ಹೊಸ ತೊಡಕು ಹುಟ್ಟಿದೆ ಎಂದು ನೀವೇ ರೆಕಾರ್ಡ್ ಆಫೀಸಿಗೆ (ನಿಮ್ಮ ರೆಜಿಮೆಂಟಿನವರ ಸೇವಾ ದಾಖಲೆ ಇಡುವ ಕಚೇರಿ) ಅರ್ಜಿ ಕೊಟ್ಟು ಮತ್ತೆ ಬೋರ್ಡ್ ಕೇಳುವುದು. ರಕ್ಷಣಾ ಸಚಿವಾಲಯದ 2001ರ ಆದೇಶದಂತೆ ಶಾಶ್ವತ ಸ್ವರೂಪದ ಅಂಗವೈಕಲ್ಯಕ್ಕೆ ಬೋರ್ಡ್ ಕೊಟ್ಟ ಶೇಕಡಾ ಜೀವನಪೂರ್ತಿ ಅಂತಿಮ, ಸೈನಿಕ ತಾನಾಗಿ ಮರುಪರಿಶೀಲನೆ ಕೇಳದ ಹೊರತು.

ಮೂರನೆಯದು ನಿವೃತ್ತಿಯ ನಂತರದ ಕ್ಲೇಮು. ಮನೆಗೆ ಬಂದಾಗ ಇಲ್ಲದ ಕಾಯಿಲೆ ಆಮೇಲೆ ಕಾಣಿಸಿಕೊಂಡರೂ, ಅದರ ಪ್ರಕ್ರಿಯೆ ಸೇವೆಯ ಪರಿಸ್ಥಿತಿಯಲ್ಲೇ ಶುರುವಾಗಿತ್ತು, ತಡವಾಗಿ ಹೊರಬಿತ್ತು ಎಂದು ವೈದ್ಯಕೀಯ ಪ್ರಾಧಿಕಾರ ಒಪ್ಪಿದರೆ ಅದಕ್ಕೂ ಅವಕಾಶವಿದೆ. ಇದಕ್ಕೆ ನಿವೃತ್ತಿಯಾದ ದಿನದಿಂದ ಕಾಲಮಿತಿ ಉಂಟು. ನಿಮ್ಮ ಡಿಸ್ಚಾರ್ಜ್ ದಿನಾಂಕಕ್ಕೆ ಯಾವ ನಿಯಮಾವಳಿ ಅನ್ವಯಿಸುತ್ತದೋ ಅದರಲ್ಲಿರುವ ಮಿತಿಯೇ ನಿಮಗೆ ಲೆಕ್ಕ.

ನಿಯಮಾವಳಿಗಳು ಬದಲಾಗುತ್ತ ಬಂದಿವೆ: 1982ರದ್ದು, 2008ರದ್ದು, ಆಮೇಲೆ 2023ರದ್ದು. 2023ರ ನಿಯಮಗಳು ಆ ವರ್ಷದ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು. ಆಮೇಲೆ ಪೂರ್ಣಾವಧಿ ಮುಗಿಸಿ ನಿವೃತ್ತರಾದವರಿಗೆ ಸಿಗುವುದರ ಹೆಸರೇ ಬೇರೆ, ಇಂಪೇರ್‌ಮೆಂಟ್ ರಿಲೀಫ್. ಆದ್ದರಿಂದ ಗೆಳೆಯನಿಗೆ ಸಿಕ್ಕಿತು ಎಂದು ಅವನ ಅರ್ಜಿಯನ್ನೇ ನಕಲು ಮಾಡಬೇಡಿ. ಅವನ ಡಿಸ್ಚಾರ್ಜ್ ಬುಕ್‌ನ ದಿನಾಂಕ ಮೊದಲು ನೋಡಿ.

"ಅಟ್ರಿಬ್ಯೂಟೆಬಲ್, ಅಗ್ರವೇಟೆಡ್ ಅಂತಾರಲ್ರಿ, ಎರಡಕ್ಕೂ ಏನು ಫರಕು?"

ಸೇವೆಯಿಂದಲೇ ಬಂದದ್ದು ಅಟ್ರಿಬ್ಯೂಟೆಬಲ್. ಬೇರೆ ಕಾರಣದಿಂದ ಬಂದಿದ್ದರೂ ಸೇವೆಯಿಂದ ಉಲ್ಬಣಿಸಿದ್ದು ಅಗ್ರವೇಟೆಡ್. ಎರಡರಲ್ಲಿ ಒಂದು ಸಾಬೀತಾದರೂ ಸಾಕು. ಬೋರ್ಡಿನ ಹಾಳೆಯಲ್ಲಿ ಎರಡೂ ಕಾಲಂಗೆ "ನೋ" ಎಂದು ಬರೆದಿದ್ದರೆ ಅದನ್ನೇ ಆಫೀಸಿನವರು "ನಾನಾ ಕೇಸ್" (ಇಂಗ್ಲಿಷಿನ NANA, ಅದೂ ಅಲ್ಲ ಇದೂ ಅಲ್ಲ ಎಂದು) ಎನ್ನುತ್ತಾರೆ. ನಮ್ಮವರು ಬಹಳ ಮಂದಿ ಎಡವುವುದು ಆ ಒಂದು ಪದದಲ್ಲಿ.

"ಶೇಕಡಾ ಲೆಕ್ಕ ಹ್ಯಾಂಗ್ರಿ? 30 ಇತ್ತು, ಹೊಸದು 20 ಕೊಟ್ರ 50 ಆಗ್ತದಲ್ಲ?"

ಆಗುವುದಿಲ್ಲ. ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದಾಗ ಬೋರ್ಡ್ ಒಟ್ಟಾರೆ ಶೇಕಡಾ ಕೊಡುತ್ತದೆ, ಅದನ್ನು ಕಾಂಪೋಸಿಟ್ ಅಸೆಸ್‌ಮೆಂಟ್ ಎನ್ನುತ್ತಾರೆ. ಅದು ಸಾದಾ ಕೂಡಿಸುವಿಕೆ ಅಲ್ಲ, ಕೂಡಿಸಿದ್ದಕ್ಕಿಂತ ಕಡಿಮೆಯೇ ಬರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿದೆ: ಪೆನ್ಷನ್ನಿಗೆ ಅರ್ಹವಾದ ನಿವ್ವಳ ಶೇಕಡಾ. ಸೇವೆಗೆ ಸಂಬಂಧವಿಲ್ಲ ಎಂದ ಕಾಯಿಲೆಯ ಪಾಲು ಇದರಲ್ಲಿ ಸೇರುವುದಿಲ್ಲ. ಮೇಲಿನ ಸಾಲಿನ 60 ನೋಡಿ ಖುಷಿಪಟ್ಟವರು ಕೆಳಗಿನ ಸಾಲಿನ ಸೊನ್ನೆಯನ್ನು ತಿಂಗಳುಗಟ್ಟಲೆ ಗಮನಿಸದೆ ಇದ್ದದ್ದನ್ನು ನಾನು ಕಂಡಿದ್ದೇನೆ.

ಪೂರ್ಣಾವಧಿ ಮುಗಿಸಿದವರಿಗೆ ಕನಿಷ್ಠ 20 ಇರಬೇಕು. ಪೆನ್ಷನ್ನಿನಲ್ಲಿ ಎರಡು ಭಾಗ: ಸೇವೆಯದ್ದು ಒಂದು, ಡಿಸೆಬಿಲಿಟಿ ಎಲಿಮೆಂಟ್ ಇನ್ನೊಂದು. ಈ ಎರಡನೆಯದು ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಲೆಕ್ಕದ ಸಂಬಳದ (ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಕೊನೆಯ ಸಂಬಳ) 30 ಶೇಕಡಾ, ಕಡಿಮೆ ಇದ್ದರೆ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಇದರ ಮೇಲೆ ರೌಂಡಿಂಗ್ ಇದೆ: 50ಕ್ಕಿಂತ ಕಡಿಮೆ ಇದ್ದರೆ 50 ಎಂದು, 50ರಿಂದ 75ರವರೆಗೆ ಇದ್ದರೆ 75 ಎಂದು, 76ರಿಂದ ಮೇಲಿದ್ದರೆ 100 ಎಂದು ಹಿಡಿಯುತ್ತಾರೆ. ಮೊದಲು ಇದು ಅವಧಿಗೆ ಮುಂಚೆ ಮನೆಗೆ ಕಳುಹಿಸಲ್ಪಟ್ಟವರಿಗೆ ಮಾತ್ರ ಎಂದಿತ್ತು. ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಪೂರ್ಣಾವಧಿ ಮುಗಿಸಿದವರಿಗೂ ಇದು ಸಲ್ಲುತ್ತದೆ ಎಂದಿತು.

ಉದಾಹರಣೆಗೆ ಲೆಕ್ಕದ ಸಂಬಳ ₹50,000 ಎಂದು ಇಟ್ಟುಕೊಳ್ಳಿ. ನೂರಕ್ಕೆ ₹15,000. ನಿಮಗೆ 30 ಶೇಕಡಾ ಇದ್ದರೆ ರೌಂಡಿಂಗ್‌ನಿಂದ 50 ಆಗಿ ₹7,500, ಮೇಲೆ ಡಿಎ. ಈಗ ಹೊಸ ಕಾಯಿಲೆ ಸೇರಿ ಒಟ್ಟು 40 ಆಯಿತು ಎನ್ನಿ. ಸಿಗುವ ಹಣದಲ್ಲಿ ಒಂದು ಪೈಸೆಯೂ ಬದಲಾಗುವುದಿಲ್ಲ, ಏಕೆಂದರೆ 40 ಕೂಡ 50ರ ಮನೆಯಲ್ಲೇ ಕೂರುತ್ತದೆ. ಆದರೆ ಒಟ್ಟು 55 ಆದರೆ 75 ಎಂದು ಹಿಡಿದು ₹11,250. ಅರ್ಜಿ ಬರೆಯುವ ಮುಂಚೆ ಈ ಲೆಕ್ಕ ಹಾಕಿ. ಇದು 2023ರ ಸೆಪ್ಟೆಂಬರ್‌ಗೆ ಮುಂಚೆ ನಿವೃತ್ತರಾದವರ ಲೆಕ್ಕ ಎಂಬುದು ನೆನಪಿರಲಿ.

"ನನ್ನ ಬಿಪಿ, ಶುಗರ್ ಪೀಸ್ ಸ್ಟೇಷನ್‌ನಾಗ ಸಿಕ್ಕಿತು. ಅದಕ್ಕ ಸಂಬಂಧ ಇಲ್ಲ ಅಂದ್ರು."

ಇದು ಅತಿ ಹೆಚ್ಚು ಕೇಳುವ ಪ್ರಶ್ನೆ. ಪೀಸ್ ಸ್ಟೇಷನ್ ಎಂದರೆ ಕಾರ್ಯಾಚರಣೆಯಿಂದ ದೂರದ ಶಾಂತ ನೆಲೆ, ಫೀಲ್ಡ್ ಎಂದರೆ ಅದಕ್ಕೆ ವಿರುದ್ಧ. ಮಿಲಿಟರಿ ಡಾಕ್ಟರುಗಳು ಅನುಸರಿಸುವ ವೈದ್ಯಾಧಿಕಾರಿಗಳ ಮಾರ್ಗದರ್ಶಿಯ 2002 ಮತ್ತು 2008ರ ಆವೃತ್ತಿಗಳ ಪ್ರಕಾರ ಬಿಪಿ ಮತ್ತು ಟೈಪ್ 2 ಸಕ್ಕರೆ ಕಾಯಿಲೆ ಫೀಲ್ಡ್ ಏರಿಯಾ, ಎತ್ತರದ ಪ್ರದೇಶ, ಉಗ್ರನಿಗ್ರಹ ಕಾರ್ಯಾಚರಣೆಯ ಪ್ರದೇಶ ಅಥವಾ ದೀರ್ಘಕಾಲ ಹಡಗಿನಲ್ಲಿದ್ದಾಗ ಶುರುವಾಗಿದ್ದರೆ ಸೇವೆಯಿಂದ ಉಲ್ಬಣಿಸಿದ್ದು ಎಂದು ಪರಿಗಣಿಸುತ್ತಾರೆ. ಹೃದಯದ ರಕ್ತನಾಳದ ಕಾಯಿಲೆಗೆ ಅದು ಶುರುವಾಗುವ ಹಿಂದಿನ 14 ದಿನ ನೀವು ಏನು ಡ್ಯೂಟಿ ಮಾಡಿದಿರಿ ಎಂಬ ದಾಖಲೆಯನ್ನು ಯೂನಿಟ್‌ನಿಂದ ತರಿಸುತ್ತಾರೆ.

ತೊಡಕು ಇಲ್ಲಿದೆ. ಬಿಪಿ ಬಂದ ದಿನವೂ ಅದು ಅಳತೆಗೆ ಸಿಕ್ಕ ದಿನವೂ ಒಂದೇ ಅಲ್ಲ. ಎತ್ತರದ ಪೋಸ್ಟ್‌ನಲ್ಲಿ ಎರಡು ವರ್ಷ ಇದ್ದವನಿಗೆ ಅಲ್ಲಿ ಪಟ್ಟಿ ಕಟ್ಟಿ ನೋಡಿದವರು ಯಾರು? ಇಳಿದು ಬಂದು ಪುಣೆಯಲ್ಲೋ ಸಿಕಂದರಾಬಾದ್‌ನಲ್ಲೋ ವಾರ್ಷಿಕ ತಪಾಸಣೆಗೆ ನಿಂತಾಗ 160 ತೋರಿಸುತ್ತದೆ. ಕಾಗದದಲ್ಲಿ ಶುರುವಾದ ಸ್ಥಳ ಪೀಸ್ ಸ್ಟೇಷನ್ ಎಂದು ಬೀಳುತ್ತದೆ. ಆದ್ದರಿಂದ ನಿಮ್ಮ ಎಲ್ಲ ಪೋಸ್ಟಿಂಗ್‌ಗಳನ್ನು ಸೇರಿದ ದಿನ, ಬಿಟ್ಟ ದಿನ, ಫೀಲ್ಡೋ ಪೀಸೋ ಎಂಬುದರ ಸಮೇತ ಒಂದೇ ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಮೊದಲ ಬಿಪಿ ದಾಖಲೆಯ ದಿನಾಂಕ ಬರೆಯಿರಿ. ಫೀಲ್ಡ್ ಬಿಟ್ಟ ಕೆಲವೇ ವಾರಗಳಲ್ಲಿ ಕಾಯಿಲೆ ಪತ್ತೆಯಾಗಿದ್ದರೆ ಆ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ.

ಇನ್ನೊಂದು ವಾದವೂ ಇದೆ. ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು: ಭರ್ತಿಯಾಗುವಾಗ ಕಾಯಿಲೆಯ ನಮೂದು ಇಲ್ಲದಿದ್ದರೆ ಆ ಮನುಷ್ಯ ಆರೋಗ್ಯವಾಗಿಯೇ ಸೇರಿದ ಎಂದು ಹಿಡಿಯಬೇಕು, ಸಂದೇಹದ ಲಾಭ ಸೈನಿಕನಿಗೆ ಸಲ್ಲಬೇಕು, ಸಂಬಂಧ ಇಲ್ಲ ಎನ್ನುವ ಬೋರ್ಡ್ ಅದಕ್ಕೆ ಕಾರಣ ಬರೆಯಬೇಕು. "ಕಾನ್‌ಸ್ಟಿಟ್ಯೂಷನಲ್", "ಲೈಫ್‌ಸ್ಟೈಲ್" ಎಂದು ಒಂದೇ ಪದ ಗೀಚಿದ ಹಾಳೆ ನಿಮ್ಮ ಕೈಯಲ್ಲಿದ್ದರೆ ಈ ತೀರ್ಪು ನಿಮಗೆ ಬೇಕು.

"ಡಾಕ್ಟರ್ ಕಡೆಯಿಂದ ಏನಂತ ಬರೆಸಬೇಕು?"

ಬಹಳ ಜನ "ಈ ರೋಗಿಗೆ ಮೊಣಕಾಲಿನ ಸಂಧಿವಾತ ಇದೆ" ಎಂಬ ಚೀಟಿ ತರುತ್ತಾರೆ. ಕಾಯಿಲೆ ಇದೆ ಎಂಬುದು ಯಾರೂ ತಕರಾರು ಮಾಡದ ವಿಷಯ. ಬೇಕಾದದ್ದು "ಏಕೆ ಬಂತು" ಎಂಬ ಸಾಲು.

ಡಾಕ್ಟರಿಗೆ ಮೊದಲು ನಿಮ್ಮ ಹಳೆಯ ಬೋರ್ಡಿನ ಪ್ರತಿ ತೋರಿಸಿ. ಅದನ್ನು ಓದಿದ್ದೇನೆ ಎಂದು ಅವರು ಪತ್ರದಲ್ಲೇ ಬರೆಯಲಿ. ಆಮೇಲೆ ಹೀಗೆ ಅರ್ಥ ಬರುವ ಸಾಲು ಇರಲಿ: "ಇವರ ಎಡಗಾಲು ಇಂಥ ವರ್ಷ ಕತ್ತರಿಸಲಾಗಿದೆ. ಹನ್ನೆರಡು ವರ್ಷಗಳಿಂದ ಬಲಗಾಲಿನ ಮೇಲೆ ಅತಿಭಾರ ಬಿದ್ದಿದೆ. ಬಲ ಮೊಣಕಾಲಿನ ಸವೆತ ಇವರ ವಯಸ್ಸಿಗೆ ಸಹಜವಾದದ್ದಕ್ಕಿಂತ ಹೆಚ್ಚಿದೆ. ಎಡಗಾಲಿನ ಅಂಗವೈಕಲ್ಯವೇ ಇದಕ್ಕೆ ಮುಖ್ಯ ಕಾರಣವಾಗಿರುವ ಸಾಧ್ಯತೆ ಹೆಚ್ಚು." ಜೊತೆಗೆ ಎಕ್ಸ್‌ರೇ, ಹಿಂದಿನ ಮತ್ತು ಈಗಿನದು. ಡಾಕ್ಟರು ಪೂರ್ತಿ ಖಚಿತ ಎಂದು ಬರೆಯಬೇಕಿಲ್ಲ, ಕಾರಣ ಕೊಟ್ಟು ಸಾಧ್ಯತೆ ಹೇಳಿದರೂ ಅದಕ್ಕೆ ಬೆಲೆ ಇದೆ. ಮನಸ್ಸಿಗೆ ಬಾರದ್ದನ್ನು ಬರೆಯಿರಿ ಎಂದು ಅವರನ್ನು ಒತ್ತಾಯಿಸಬೇಡಿ. ಒಂದು ಸುಳ್ಳು ಚೀಟಿ ನಿಮ್ಮ ನಿಜವಾದ ನೋವಿನ ಮೇಲೂ ಅನುಮಾನ ತರುತ್ತದೆ.

ಖಾಸಗಿ ಡಾಕ್ಟರ ಪತ್ರದಿಂದ ನೇರವಾಗಿ ಪೆನ್ಷನ್ ಸಿಗುವುದಿಲ್ಲ, ಮಿಲಿಟರಿ ಬೋರ್ಡೇ ನಿರ್ಧರಿಸುವುದು. ಆದರೆ ಬೋರ್ಡ್ ಮುಂದೆ, ಮೇಲ್ಮನವಿಯಲ್ಲಿ, ಟ್ರಿಬ್ಯೂನಲ್‌ನಲ್ಲಿ ಅದು ಸಾಕ್ಷ್ಯ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ತೋರಿಸಿಕೊಂಡ ಪ್ರತಿ ಭೇಟಿಯ ಕಾಗದವನ್ನೂ ಇಟ್ಟುಕೊಳ್ಳಿ. ಪುಣೆಯಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. 1944ರಲ್ಲಿ ಶುರುವಾದ ಕೃತಕ ಅಂಗ ಕೇಂದ್ರ ಇಲ್ಲಿದೆ, ಖಡಕಿಯಲ್ಲಿ ಬೆನ್ನುಹುರಿ ಪೆಟ್ಟಾದವರ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವಿದೆ. ಕೃತಕ ಕಾಲನ್ನು ಸರಿಪಡಿಸಿಕೊಳ್ಳಲು ಹೋದಾಗ ಮೊಂಡುಗಾಲಿನ ಹುಣ್ಣು, ನಡಿಗೆಯ ದೋಷ ಎಲ್ಲವನ್ನೂ ಹೇಳಿ, ಬರೆಸಿಕೊಳ್ಳಿ.

"ನಾನು ಮುಂದಿನ ವರ್ಷ ಪೆನ್ಷನ್ ಬರ್ತೀನಿ. ಈಗಲೇ ಏನು ಮಾಡ್ಲಿ ಅಣ್ಣಾ?"

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಬರೆಯುವಾಗಲೇ ನನಗೆ ಹೆಚ್ಚು ಸಮಾಧಾನ, ಏಕೆಂದರೆ ನಿನ್ನ ಕೈಯಲ್ಲಿ ಇನ್ನೂ ಸಮಯ ಇದೆ.

ಫೌಜಿಯ ಬಾಯಲ್ಲಿ ಒಂದು ಮಾತು ಅಂಟಿಕೊಂಡಿರುತ್ತದೆ: "ಠೀಕ್ ಹೂಂ ಸರ್." ಬೆನ್ನು ಮುರಿದಿದ್ದರೂ ಠೀಕ್, ಕಿವಿ ಕೇಳದಿದ್ದರೂ ಠೀಕ್. ಸಿಕ್ ರಿಪೋರ್ಟ್ ಮಾಡಿದರೆ ಕಳ್ಳಬೀಳುತ್ತಾನೆ ಎಂಬ ಹೆಸರು ಬರುತ್ತದೆ ಎಂಬ ಭಯ, ಮೆಡಿಕಲ್ ಕ್ಯಾಟೆಗರಿ (ದೇಹ ಎಷ್ಟು ಗಟ್ಟಿ ಎಂಬ ದರ್ಜೆ) ಬಿದ್ದರೆ ಪ್ರಮೋಷನ್ ಹೋಗುತ್ತದೆ ಎಂಬ ಭಯ. ನಾನೂ ಅದೇ ಮಾಡಿದೆ. ಸ್ಟ್ರೆಚರ್ ಎತ್ತಿ ಎತ್ತಿ ನನ್ನ ಸೊಂಟದ ಡಿಸ್ಕ್ ಜಾರಿತ್ತು. ನಾಲ್ಕು ವರ್ಷ ಮುಲಾಮು ಹಚ್ಚಿಕೊಂಡು ಡ್ಯೂಟಿ ಮಾಡಿದೆ, ಎಲ್ಲೂ ಬರೆಸಲಿಲ್ಲ. ಬಿಡುಗಡೆಯ ಬೋರ್ಡಿನಲ್ಲಿ ಡಾಕ್ಟರು "ಇದು ಯಾವಾಗಿನಿಂದ?" ಎಂದು ಕೇಳಿದಾಗ ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಬೇರೆಯವರ ಕಾಗದಗಳನ್ನೆಲ್ಲ ಜೋಡಿಸಿ ಕೊಡುತ್ತಿದ್ದವನ ಫೈಲ್ ಖಾಲಿ ಇತ್ತು. ಆ ನೋವು ಇವತ್ತಿಗೂ ಇದೆ, ಅದಕ್ಕೆ ಪೆನ್ಷನ್ ಇಲ್ಲ.

ಆದ್ದರಿಂದ ನೋವಾದಾಗ ಯೂನಿಟ್‌ನ ತಪಾಸಣೆ ಕೋಣೆಗೆ, ಅಂದರೆ ಎಂಐ ರೂಮಿಗೆ ಹೋಗು, ಬರೆಸು. ಪೆಟ್ಟಾದರೆ ಇಂಜುರಿ ರಿಪೋರ್ಟ್ ಆಗಲೇಬೇಕು, ಅಗತ್ಯವಿದ್ದರೆ ಕೋರ್ಟ್ ಆಫ್ ಎನ್‌ಕ್ವೈರಿ (ಸೈನ್ಯದೊಳಗಿನ ವಿಚಾರಣೆ). ಬೋರ್ಡಿಗೆ ಹೋಗುವ ಮುಂಚೆ ತಲೆಯಿಂದ ಪಾದದವರೆಗಿನ ತೊಂದರೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗು. ಮುಖ್ಯ ಕಾಯಿಲೆ ಒಂದನ್ನೇ ಹೇಳಿ ಬರಬೇಡ. ಅದರಿಂದ ನಿದ್ದೆ ಹೋಗಿದ್ದರೆ ಹೇಳು, ಗುಳಿಗೆಯಿಂದ ಹೊಟ್ಟೆ ಉರಿದರೆ ಹೇಳು. ಬಿಡುಗಡೆಯ ಬೋರ್ಡಿನ ವಿವರ ಬರೆಯುವ ಎಎಫ್‌ಎಂಎಸ್‌ಎಫ್-16 ಎಂಬ ಫಾರ್ಮಿನ ಪೂರ್ತಿ ಪ್ರತಿ ಪಡೆದುಕೋ. ಓದದೆ ಸಹಿ ಹಾಕಬೇಡ.

"ಮನಸ್ಸಿನ ಕಾಯಿಲೆ ಬರೆಸಿದ್ರ ಜನ ಹುಚ್ಚ ಅಂತಾರ..."

ಈ ಪ್ರಶ್ನೆಯನ್ನು ಯಾರೂ ಎಲ್ಲರೆದುರು ಕೇಳುವುದಿಲ್ಲ. ಚಹಾ ಮುಗಿದು, ಚಪ್ಪಲಿ ಹಾಕಿಕೊಂಡು ಹೊರಟವರು ಬಾಗಿಲ ಬಳಿ ನಿಂತು ಕೇಳುತ್ತಾರೆ. ಕೆಲವೊಮ್ಮೆ ಅವರ ಮನೆಯವರು ಫೋನ್ ಮಾಡಿ ಹೇಳುತ್ತಾರೆ: "ಅಣ್ಣಾರ, ಇವರು ರಾತ್ರಿ ಕೂಗಿ ಎದ್ದು ಕೂಡ್ತಾರ, ಮಕ್ಕಳ ಮ್ಯಾಲೆ ಸಿಟ್ಟಿಗೇಳ್ತಾರ, ಯಾರ ಜೋಡಿನೂ ಮಾತಾಡಂಗಿಲ್ಲ."

ಕಾಲು ಹೋದವನಿಗೆ, ಜೊತೆಗಾರನನ್ನು ಕಣ್ಣೆದುರೇ ಕಳೆದುಕೊಂಡವನಿಗೆ, ದಿನರಾತ್ರಿ ನೋವಿನಲ್ಲಿರುವವನಿಗೆ ಖಿನ್ನತೆ ಬರುವುದು ಕಾಯಿಲೆಯೇ, ಹೇಡಿತನ ಅಲ್ಲ. ಮನೋವೈದ್ಯರ ದಾಖಲೆ ಇದ್ದರೆ ಅದನ್ನೂ ಕ್ಲೇಮಿನಲ್ಲಿ ಹಾಕಬಹುದು. ನ್ಯಾಯಾಲಯದಲ್ಲಿ ಈ ವಿಷಯ ಎರಡೂ ಕಡೆ ವಾಲಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲವು ಮಾನಸಿಕ ಕಾಯಿಲೆಗಳನ್ನು ಭರ್ತಿಯ ವೇಳೆ ಪತ್ತೆಹಚ್ಚಲು ಆಗುವುದಿಲ್ಲ ಎಂದು ಹೇಳಿ ಪೆನ್ಷನ್ ಒಪ್ಪಲಿಲ್ಲ. 2025ರಲ್ಲಿ ರಾಜುಮೋನ್ ಪ್ರಕರಣದಲ್ಲಿ, ಕಾರಣವನ್ನೇ ಬರೆಯದ ಬೋರ್ಡಿನ ಅಭಿಪ್ರಾಯವನ್ನು ಹಿಡಿದು ಪೆನ್ಷನ್ ನಿರಾಕರಿಸಲಾಗದು ಎಂದಿತು. ಹಾಗಾಗಿ ಯಾವ ಘಟನೆಯ ನಂತರ, ಯಾವ ಪೋಸ್ಟಿಂಗ್‌ನಲ್ಲಿ ಬದಲಾವಣೆ ಶುರುವಾಯಿತು ಎಂಬುದೇ ಇಲ್ಲಿ ಜೀವಾಳ. ಅದನ್ನು ಹೆಂಡತಿಯೇ ಚೆನ್ನಾಗಿ ಬಲ್ಲಳು, ಆಕೆಯ ಅಫಿಡವಿಟ್ ಹಾಕಿ.

ಕುಡಿತದಿಂದ ಕೆಟ್ಟ ಆರೋಗ್ಯಕ್ಕೆ ನಿಯಮದಲ್ಲಿ ಪರಿಹಾರ ಇಲ್ಲ. ಆದರೆ ಕುಡಿತದ ಹಿಂದೆ ಚಿಕಿತ್ಸೆ ಸಿಗದ ಮನಸ್ಸಿನ ಗಾಯ ಇರಬಹುದು. ಅದಕ್ಕೆ ಮೊದಲು ಚಿಕಿತ್ಸೆ ಬೇಕು, ಕ್ಲೇಮು ಆಮೇಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸೈನಿಕರು ಮತ್ತು ಅವರ ಕುಟುಂಬದವರಿಗೆಂದೇ ಅದರ ವಿಶೇಷ ಘಟಕವನ್ನು 2023ರ ಡಿಸೆಂಬರ್ 1ರಂದು ನಮ್ಮ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲೇ (ಎಎಫ್‌ಎಂಸಿ) ತೆರೆದರು. ರಾತ್ರಿ ತಡೆಯಲಾಗದಂತಾದರೆ ಬೆಳಗಿನ ತನಕ ಕಾಯಬೇಡಿ, ಆಗಲೇ ಕರೆ ಮಾಡಿ.

"ಹಳೆ ಕಾಗದ ಯಾವುವೂ ಇಲ್ಲ. ಎಲ್ಲಿಂದ ತರೋದು?"

ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಬರೆಯಿರಿ. ₹10ರ ಪೋಸ್ಟಲ್ ಆರ್ಡರ್, ನಿಮ್ಮ ನಂಬರ್, ರ‍್ಯಾಂಕ್, ಹೆಸರು, ಡಿಸ್ಚಾರ್ಜ್ ದಿನಾಂಕ. ಭರ್ತಿಯ ವೈದ್ಯಕೀಯ ಹಾಳೆ, ಎಲ್ಲ ಕ್ಯಾಟೆಗರಿ ಬೋರ್ಡ್‌ಗಳು, ಬಿಡುಗಡೆಯ ಬೋರ್ಡ್, ಇಂಜುರಿ ರಿಪೋರ್ಟ್, ಪೋಸ್ಟಿಂಗ್ ವಿವರ ಎಂದು ಬಿಡಿಬಿಡಿಯಾಗಿ ಕೇಳಿ. ಬರೀ "ನನ್ನ ದಾಖಲೆ ಕೊಡಿ" ಎಂದರೆ ಎರಡು ಹಾಳೆ ಬರುತ್ತವೆ. ಉತ್ತರಕ್ಕೆ 30 ದಿನ.

ರೆಕಾರ್ಡ್ ಆಫೀಸ್ ಎಲ್ಲಿ ಎಂದರೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು, ಬಾಂಬೆ ಸ್ಯಾಪರ್ಸ್‌ನವರದು ಇಲ್ಲೇ ಖಡಕಿ, ತೋಪಖಾನೆಯವರದು ನಾಸಿಕ್ ರೋಡ್, ಇಎಂಇಯವರದು (ವಾಹನ, ಯಂತ್ರ ರಿಪೇರಿಯ ಕೋರ್) ಸಿಕಂದರಾಬಾದ್, ಸಿಗ್ನಲ್ಸ್‌ನವರದು ಜಬಲ್‌ಪುರ, ನಮ್ಮ ಮೆಡಿಕಲ್ ಕೋರ್‌ನದು ಲಖನೌ. ನೌಕಾಪಡೆಯ ನಾವಿಕರದು ಮುಂಬೈಯ ಮಾನ್‌ಖುರ್ದ್. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ, ಅದಕ್ಕೆ ಇವತ್ತೇ ಬರೆಯಿರಿ.

"ಮತ್ತ ಬೋರ್ಡ್ ಕೇಳಿದ್ರ ಇದ್ದದ್ದೂ ಕಡಿಮೆ ಮಾಡ್ತಾರೇನ್ರಿ?"

ಹೊಸ ಬೋರ್ಡ್ ತನಗೆ ಕಂಡದ್ದನ್ನು ಬರೆಯುತ್ತದೆ, ಆದ್ದರಿಂದ ಈ ಭಯ ಪೂರ್ತಿ ಸುಳ್ಳಲ್ಲ. ಕಾಯಿಲೆ ನಿಜವಾಗಿ ಹೆಚ್ಚಿದ್ದಕ್ಕೆ ಹೊಸ ಪುರಾವೆ ಇದ್ದರೆ, ಶೇಕಡಾ ಮುಂದಿನ ರೌಂಡಿಂಗ್ ಮನೆಗೆ ಹೋಗುವ ಸಾಧ್ಯತೆ ಇದ್ದರೆ ಮಾತ್ರ ಕೇಳಿ. ಗೆಳೆಯರು ಕೇಳಿದರು ಎಂದು ಕೇಳಬೇಡಿ.

"ತಿರಸ್ಕಾರದ ಪತ್ರ ಬಂದೈತಿ. ಮುಂದ?"

ಪತ್ರ ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದು, ಲಕೋಟೆ ಇಟ್ಟುಕೊಳ್ಳಿ. ಮೊದಲ ಮೇಲ್ಮನವಿಗೆ ಆರು ತಿಂಗಳು. ಅದೂ ತಿರಸ್ಕೃತವಾದರೆ ಎರಡನೆಯ ಮೇಲ್ಮನವಿಗೆ ಮತ್ತೆ ಆರು ತಿಂಗಳು. ಮೇಲ್ಮನವಿಯಲ್ಲಿ ಕಷ್ಟಸುಖ ಬರೆದು ಹಾಳೆ ತುಂಬಿಸಬೇಡಿ. ಬೋರ್ಡ್ ಏನು ಕಾರಣ ಕೊಟ್ಟಿದೆಯೋ ಅದಕ್ಕೆ ಮಾತ್ರ, ದಾಖಲೆಯ ಪುಟ ಸಂಖ್ಯೆ ಕೊಟ್ಟು ಉತ್ತರ ಬರೆಯಿರಿ.

ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಂತೆ ರಚನೆಯಾದ ಇದರ ಮುಂಬೈ ಪೀಠಕ್ಕೆ ಮಹಾರಾಷ್ಟ್ರ, ಗುಜರಾತ್, ಗೋವಾ ಸೇರುತ್ತವೆ. ನಿಮ್ಮ ರೆಕಾರ್ಡ್ ಬೆಳಗಾವಿಯಲ್ಲಿದ್ದರೂ ಪರವಾಗಿಲ್ಲ. ನಿವೃತ್ತರು ತಾವು ಸಾಮಾನ್ಯವಾಗಿ ವಾಸ ಮಾಡುವ ಕಡೆಯ ಪೀಠಕ್ಕೆ ಅರ್ಜಿ ಹಾಕಬಹುದು, ಪುಣೆಯ ವಿಳಾಸದ ಪುರಾವೆ ಇರಲಿ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ತಡವಾಗಿದ್ದರೆ ಕಾರಣ ಕೊಟ್ಟು ಕ್ಷಮೆ ಕೋರಬಹುದು. ಆದರೆ ತಡದ ಬೆಲೆ ದುಬಾರಿ: 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಡವಾಗಿ ಬಂದವರ ಬಾಕಿಯನ್ನು ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡಿತು. ಹದಿನೈದು ವರ್ಷ ಸುಮ್ಮನಿದ್ದವರು ಹನ್ನೆರಡು ವರ್ಷದ ಹಣ ಕಳೆದುಕೊಳ್ಳುವುದು ಹೀಗೆ.

"ಏಜೆಂಟ್ ಒಬ್ಬ ಬಾಕಿಯೊಳಗ ಅರ್ಧ ಕೊಡು, ಎಲ್ಲಾ ಮಾಡಸ್ತೀನಿ ಅಂತಾನ."

ಬೇಡ. ಅಸಲು ಕಾಗದ, ಪೆನ್ಷನ್ನಿನ ಆನ್‌ಲೈನ್ ಖಾತೆಯಾದ ಸ್ಪರ್ಶ್‌ನ ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಮರಾಠಿಯಲ್ಲಿ ಬರೆಯಲು ತೊಡಕಾದರೆ ಹಿಂದಿಯಲ್ಲಿ ಬರೆದು ಕೊಡಿ.

"ಬ್ಯಾಂಕಿನಾಗ ಸೆಕ್ಯುರಿಟಿ ಕೆಲಸ ಮಾಡ್ತೀನಿ. ಪೆನ್ಷನ್ ನಿಲ್ತದೇನು?"

ಇಲ್ಲ. ಬೇರೆ ನೌಕರಿ ಮಾಡಿದರೂ ಡಿಸೆಬಿಲಿಟಿ ಎಲಿಮೆಂಟ್ ಮುಂದುವರಿಯುತ್ತದೆ.

"ಯುಡಿಐಡಿ ಕಾರ್ಡ್ ಐತಿ, 45 ಶೇಕಡಾ. ಅದನ್ನ ತೋರಿಸಿದ್ರ ನಡೀತದ?"

ಅದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಕಾರ್ಡ್. ರಿಯಾಯಿತಿ, ಮೀಸಲಾತಿಗೆ ಬೇಕು. ಮಿಲಿಟರಿ ಬೋರ್ಡಿನ ಶೇಕಡಾ ಬೇರೆ, ಲೆಕ್ಕವೂ ಬೇರೆ. ಎರಡನ್ನೂ ಇಟ್ಟುಕೊಳ್ಳಿ.

"ಮಗ ಅಗ್ನಿವೀರ. ಅವನಿಗೂ ಹಿಂಗೇನಾ?"

ಅಲ್ಲ. ಅವರಿಗೆ ಡಿಸೆಬಿಲಿಟಿ ಪೆನ್ಷನ್ ಇಲ್ಲ. ಸೇವೆಗೆ ಸಂಬಂಧಿಸಿದ ಅಂಗವೈಕಲ್ಯಕ್ಕೆ ಒಂದೇ ಸಲ ಕೊಡುವ ಪರಿಹಾರ: 100ಕ್ಕೆ ₹44 ಲಕ್ಷ, 75ಕ್ಕೆ ₹25 ಲಕ್ಷ, 50ಕ್ಕೆ ₹15 ಲಕ್ಷ. ನಾಲ್ಕೇ ವರ್ಷದಲ್ಲಿ ಹೊರಬರುವ ಹುಡುಗರಿಗೆ ಮುಂದೆ ಹುಟ್ಟುವ ಕಾಯಿಲೆಗಳ ಮಾತು ಇನ್ನೂ ದೊಡ್ಡದು ಎಂದು ನನ್ನ ಮನಸ್ಸು ಹೇಳುತ್ತದೆ. ಅವನಿಗೆ ಈಗಲೇ ಹೇಳಿ, ಪ್ರತಿ ಪೆಟ್ಟನ್ನೂ ಬರೆಸಲಿ.

"ನಮ್ಮನೆಯವರು ತೀರಿಕೊಂಡ್ರು. ಡಿಸೆಬಿಲಿಟಿ ಪೆನ್ಷನ್ ಬರ್ತಿತ್ತು. ನನಗ ಏನು ಸಿಗ್ತದ ಅಣ್ಣಾರ?"

ಅಕ್ಕಾ, ಸಾಮಾನ್ಯ ಕುಟುಂಬ ಪೆನ್ಷನ್ ನಿಮಗೆ ಬಂದೇ ಬರುತ್ತದೆ, ಲೆಕ್ಕದ ಸಂಬಳದ 30 ಶೇಕಡಾ. ಆದರೆ ಸಾವು ಒಪ್ಪಿತವಾದ ಅಂಗವೈಕಲ್ಯದಿಂದಲೇ ಆಗಿದ್ದರೆ, ನಿಯಮದ ಷರತ್ತು ಪೂರೈಸಿದಲ್ಲಿ ವಿಶೇಷ ಕುಟುಂಬ ಪೆನ್ಷನ್ ಕೇಳಬಹುದು, ಅದು 60 ಶೇಕಡಾ. ಇಲ್ಲಿಯೂ ಮೊದಲ ಕಾಯಿಲೆಯಿಂದ ಕೊನೆಯ ದಿನದವರೆಗಿನ ನಂಟು ತೋರಿಸಬೇಕು. ಅವರಿಗೆ ಬಿಪಿ ಸೇವೆಯಿಂದ ಎಂದು ಒಪ್ಪಿದ್ದರು, ಲಕ್ವ ಹೊಡೆದು ಹೋದರು ಎನ್ನಿ. ಮರಣದ ಕಾರಣ ಬರೆಯುವ ಹಾಳೆಯಲ್ಲಿ ಆಸ್ಪತ್ರೆಯವರು ಬರೀ "ಹೃದಯ ನಿಂತಿತು" ಎಂದು ಬರೆದರೆ ಆ ನಂಟು ಅಲ್ಲೇ ಕಡಿದುಹೋಗುತ್ತದೆ. ಅಂಥ ಹೊತ್ತಿನಲ್ಲಿ ಹೆಂಡತಿಗೆ ಇದೆಲ್ಲ ಹೊಳೆಯುವುದಿಲ್ಲ, ಹೊಳೆಯಬೇಕೆಂದು ಕೇಳುವುದೂ ತಪ್ಪು. ಆದ್ದರಿಂದ ಮನೆಯಲ್ಲಿ ದೊಡ್ಡ ಮಗನಿಗೋ ಅಳಿಯನಿಗೋ ಮೊದಲೇ ಹೇಳಿಡಿ: ಬೋರ್ಡಿನ ಹಾಳೆಯ ಜೆರಾಕ್ಸ್ ಆಸ್ಪತ್ರೆಯ ಚೀಲದಲ್ಲೇ ಇರಲಿ, ಭರ್ತಿ ಮಾಡುವಾಗಲೇ ಡಾಕ್ಟರ ಕೈಗೆ ಕೊಡಲಿ, ಕೇಸ್ ಶೀಟಿನಲ್ಲಿ ಹಳೆಯ ಕಾಯಿಲೆಯ ಹೆಸರು ಮತ್ತು ವರ್ಷ ಬರೆಸಲಿ. ಈಗಾಗಲೇ ಎಲ್ಲ ಮುಗಿದಿದ್ದರೆ ಕೊನೆಯ ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ ಕೇಳಿ ಪಡೆಯಿರಿ, ಪಿಪಿಒ (ಪೆನ್ಷನ್ ಮಂಜೂರಾತಿ ಆದೇಶ) ಜೊತೆ ಇಟ್ಟುಕೊಂಡು ಬನ್ನಿ. ಅರ್ಜಿ ಕೂತು ಬರೆಯೋಣ.